ವಿವಿಯಾನ್ ಮಾತು, ಫೆರ್ನಾಂ ಪಾರಿವಾಳ

ಇನ್ನೂ ಬೆಳಕು ಹರಿದಿಲ್ಲ. ಮ್ಯೂಸ್ ನದಿಯಿಂದೆದ್ದ ಮಂಜು ಆಸ್ಪತ್ರೆಯ ಎರಡನೇ ಮಹಡಿಯ ಕಿಟಕಿಯವರೆಗೂ ಬಂದು ನಿಂತಿದೆ. ಆಪರೇಷನ್ ಥಿಯೇಟರಿನೊಳಗೆ ವಿವಿಯಾನ್ ವಾತ್ಲೇ ಒಬ್ಬರೇ ಇದ್ದಾರೆ. ಹಸಿರು ಅಂಗಿ, ಹಸಿರು ಟೊಪ್ಪಿ, ಕಾಲಿಗೆ ರಬ್ಬರ್ ಚಪ್ಪಲಿ. ಬಳಸಿದ ಕತ್ತರಿ, ಚಿಮುಟ ಹಾಕುವ ಸ್ಟೀಲ್ ತಟ್ಟೆಗಳಿಗೆ ಒಂದೊಂದಾಗಿ ಟವೆಲ್ ಹಾಸುತ್ತಿದ್ದಾರೆ. "ತಟ್ಟೆಗೆ ಕತ್ತರಿ ಬಿದ್ದ ಸದ್ದು ಎಂಥಾ ಧೈರ್ಯವಂತರನ್ನೂ ಬೆಚ್ಚಿಬೀಳಿಸುತ್ತೆ. ಟವೆಲ್ ಇದ್ರೆ ಸದ್ದೇ ಬರಲ್ಲ," ಎನ್ನುತ್ತಾರೆ ತಲೆ ಎತ್ತದೆ.

ಟವೆಲ್ ಮುಗಿದ ಮೇಲೆ ಗೋಡೆಯ ಫೋನಿನ ವೈರು ಕಿತ್ತಿಡುತ್ತಾರೆ. ಕಿರ್ರೆನ್ನುವ ಸ್ಟೂಲನ್ನು ಹೊರಗೆ ತಳ್ಳಿ, ಬಾಯಿ ಮುಚ್ಚಿಕೊಂಡಿರುವ ಇನ್ನೊಂದನ್ನು ಒಳಗೆ ತರುತ್ತಾರೆ. ಬಾಗಿಲಿಗೊಂದು ಹಲಗೆ ತೂಗುಹಾಕುತ್ತಾರೆ: 'ಒಳಗೆ ಸಮ್ಮೋಹನ ನಡೆದಿದೆ, ಮೆಲ್ಲಗೆ ಬನ್ನಿ.' ಆಮೇಲೆ ರಟ್ಟಿನ ಡಬ್ಬಿಯೊಂದನ್ನು ಹಿಡಿದು ಪಕ್ಕದ ಥಿಯೇಟರಿಗೆ ಹೊರಡುತ್ತಾರೆ. ಅದು ಮೂಳೆ ಡಾಕ್ಟರುಗಳ ಸಾಮ್ರಾಜ್ಯ. ಅಲ್ಲಿ ಸುತ್ತಿಗೆ, ಗರಗಸ, ಡ್ರಿಲ್ಲು ಎಲ್ಲವೂ ಉಂಟು. ಡಬ್ಬಿಯಲ್ಲಿರುವುದು ಅಕ್ಕಿ ಟಾರ್ಟ್, ಪಾಯಸದಂಥ ಹೂರಣ ತುಂಬಿ ಸುಟ್ಟ ಇಲ್ಲಿನ ಸಿಹಿ.

"ಇವತ್ತು ಬೆಳಗ್ಗೆ ನನ್ನ ಕೆಲಸ ಮುಗಿಯೋವರೆಗೆ ಸುತ್ತಿಗೆ ಸ್ವಲ್ಪ ಮೆತ್ತಗೆ ಬಡೀರಪ್ಪಾ."

"ವಿವಿಯಾನ್, ಸೊಂಟದ ಕೀಲು ಪಿಸುಮಾತಿಗೆಲ್ಲ ಬಗ್ಗಲ್ಲ!" ಒಳಗಿನಿಂದ ಯಾರದೋ ಧ್ವನಿ.

"ಬಗ್ಗದಿದ್ರೆ ಟಾರ್ಟ್ ವಾಪಸ್ ಕೊಡಿ."

ಟಾರ್ಟ್ ವಾಪಸ್ ಬರುವುದಿಲ್ಲ. ಇಷ್ಟಾದರೂ ಸುತ್ತಿಗೆ ಒಮ್ಮೊಮ್ಮೆ ಜೋರಾಗಿಯೇ ಬಡಿಯುತ್ತದೆ. ಆಗ ವಿವಿಯಾನ್ ಅದನ್ನೂ ಬಿಡುವುದಿಲ್ಲ, ಕತೆಗೆ ಸೇರಿಸಿಬಿಡುತ್ತಾರೆ. ರೋಗಿ ಮನಸ್ಸಿನಲ್ಲಿ ಕಾಡಿನೊಳಗೆ ನಡೆಯುತ್ತಿದ್ದರೆ ಅದು ಮರಕುಟಿಗ. ಹಳ್ಳಿಯ ಮನೆಯಲ್ಲಿದ್ದರೆ ಪಕ್ಕದ ಮನೆಯವರು ಬೇಲಿ ರಿಪೇರಿ ಮಾಡಿಸುತ್ತಿದ್ದಾರೆ, ಅಷ್ಟೇ.

ವಿವಿಯಾನ್ ಅರಿವಳಿಕೆ ವಿಭಾಗದ ನರ್ಸ್. ಕೆಲವು ರೋಗಿಗಳಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡುವುದು ಅಪಾಯ. ಇನ್ನು ಕೆಲವರಿಗೆ ಅದು ಬೇಡ. ಅಂಥವರಿಗೆ ಕೊಯ್ಯುವ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ರಕ್ತನಾಳಕ್ಕೆ ಒಂದು ಚೂರು ಔಷಧಿ ಬಿಟ್ಟು, ಉಳಿದದ್ದನ್ನು ವಿವಿಯಾನ್ ಬಾಯಿಗೆ ಒಪ್ಪಿಸುತ್ತಾರೆ. ಅವರು ರೋಗಿಯ ಕಿವಿಯ ಹತ್ತಿರ ಕೂತು, ಆ ವ್ಯಕ್ತಿಯೇ ಆರಿಸಿಕೊಂಡ ಒಂದು ಸುಖದ ನೆನಪಿನೊಳಗೆ ಅವರನ್ನು ಕರೆದೊಯ್ದು, ಕೊನೆಯ ಹೊಲಿಗೆಯವರೆಗೂ ಅಲ್ಲೇ ಇರಿಸಿಕೊಳ್ಳುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಆದರೆ ಇಲ್ಲಿರುವುದಿಲ್ಲ.

ಸಮ್ಮೋಹನ ಎಂದರೆ ಚೈನು ಗಡಿಯಾರ ಆಡಿಸುತ್ತಾ ಕಣ್ಣು ಕೆಂಪಗೆ ಮಾಡಿಕೊಂಡ ಜಾದೂಗಾರ ಎಂದೇ ನಾನು ತಿಳಿದಿದ್ದೆ. ಈ ಊರಿನ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ, ನಮ್ಮ ಸೀಮೆಯ ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ವಿವಿಯಾನ್ ನಮ್ಮ ಬೀದಿಯವರೇ. ಬೇಕರಿಯಲ್ಲಿ ನೋಡುತ್ತಿದ್ದೆ. ಬಾಯಿಬಿಡದೆ ಬೆರಳು ತೋರಿಸಿ ಬ್ರೆಡ್ ಕೊಳ್ಳುವ ಹೆಂಗಸು. ಪಾಪ, ಸಂಕೋಚ ಜಾಸ್ತಿ ಅಂದುಕೊಂಡಿದ್ದೆ. ಅದು ಸಂಕೋಚವಲ್ಲ, ಉಳಿತಾಯ. ಗಂಟಲೇ ಅವರ ಹತಾರ. ಚಳಿಗಾಲದಲ್ಲಿ ಕುತ್ತಿಗೆಗೆ ಎರಡು ಸುತ್ತು ಉಣ್ಣೆ, ತಣ್ಣನೆಯ ಬಿಯರ್ ಬಂದ್. ಫುಟ್‌ಬಾಲ್ ಮೈದಾನದಲ್ಲಿ ಮಗಳ ತಂಡ ಗೋಲು ಹೊಡೆದರೂ ಇವರು ಚಪ್ಪಾಳೆ ಮಾತ್ರ ತಟ್ಟುತ್ತಾರೆ. "ಮಾತೆಲ್ಲ ಆಸ್ಪತ್ರೆಯಲ್ಲಿ ಖರ್ಚು ಮಾಡಿ ಮನೆಗೆ ಮೂಕಿಯಾಗಿ ಬರ್ತಾಳೆ. ಜಗಳ ಆಡೋಕೂ ಗತಿ ಇಲ್ಲ ನನಗೆ," ಎಂದು ಅವರ ಗಂಡ ಬೇಕರಿಯಲ್ಲೇ ಎಲ್ಲರೆದುರು ದೂರುತ್ತಾರೆ.

ಹುಟ್ಟಿದ್ದು ಆರ್ಡೆನ್ ಕಾಡಿನಂಚಿನ ಹಳ್ಳಿಯಲ್ಲಿ. ತಂದೆ ವ್ಯಾನಿನಲ್ಲಿ ಮನೆಮನೆಗೆ ಬ್ರೆಡ್ ಹಾಕುತ್ತಿದ್ದವರು, ತಾಯಿ ಶಾಲೆಯ ಕಸ ಗುಡಿಸುತ್ತಿದ್ದವರು. ನರ್ಸ್ ಆದ ಹೊಸತರಲ್ಲಿ ವಿವಿಯಾನ್‌ಗೆ ಸಿಕ್ಕಿದ್ದು ಸುಟ್ಟಗಾಯದ ವಾರ್ಡು. ಬೆಳಗಾದರೆ ಬ್ಯಾಂಡೇಜ್ ಬಿಚ್ಚುವ ಕೆಲಸ. "ನನ್ನ ಟ್ರಾಲಿ ಸದ್ದು ಕೇಳಿದ್ರೆ ಸಾಕು, ಗೋಡೆ ಕಡೆ ತಿರುಗಿಕೊಳ್ಳೋರು. ಒಳ್ಳೇದು ಮಾಡೋಕೆ ಹೋಗಿ ದಿನಾ ಜನರನ್ನ ಅಳಿಸೋದು ಅಂದ್ರೆ ಹೇಗಿರುತ್ತೆ ನೀವೇ ಹೇಳಿ," ಎನ್ನುತ್ತಾರೆ.

ಆ ವಾರ್ಡಿನಲ್ಲಿ ಕಾಲು ಸುಟ್ಟುಕೊಂಡ ಒಬ್ಬ ಅಜ್ಜಿ ಇದ್ದಳು. ಬ್ಯಾಂಡೇಜ್ ಬಿಚ್ಚುವಾಗ ನೋವು ತಡೆಯಲು ತನ್ನಷ್ಟಕ್ಕೆ ತಾನೇ ದೋಸೆಕಲ್ಲಿನಂಥ ಕಬ್ಬಿಣದ ಅಚ್ಚಿನಲ್ಲಿ ವಾಫಲ್ ಸುಡುವ ಬಗೆಯನ್ನು ಗೊಣಗಿಕೊಳ್ಳುತ್ತಿದ್ದಳು. ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ ವಿವಿಯಾನ್ ಒಂದು ದಿನ ಪ್ರಶ್ನೆ ಕೇಳಲು ಶುರುಮಾಡಿದರು. ಹಿಟ್ಟು ಎಷ್ಟು ಹೊತ್ತು ನೆನೆಯಬೇಕು? ಅಚ್ಚು ಹಿಡಿಯುತ್ತಿದ್ದವರು ಯಾರು? ಮೊದಲ ವಾಫಲ್ ಯಾರ ಪಾಲಿಗೆ? ಅಜ್ಜಿ ಉತ್ತರ ಹೇಳುತ್ತಾ ಹೇಳುತ್ತಾ ಮುಖ ಸಡಿಲ ಬಿಟ್ಟಳು. ವಾಫಲ್ ಬೆಂದು ತಟ್ಟೆಗೆ ಬರುವ ಹೊತ್ತಿಗೆ ಬ್ಯಾಂಡೇಜ್ ಪೂರ್ತಿ ಬಿಚ್ಚಿ ಆಗಿತ್ತು. "ಏನು, ಆಗಲೇ ಆಯ್ತಾ?" ಎಂದು ಅಜ್ಜಿ ಕೇಳಿದಳಂತೆ. ಇಪ್ಪತ್ತು ವರ್ಷದ ಕೆಲಸಕ್ಕೆ ಅದೇ ಮೊದಲ ಪಾಠ.

ಆಮೇಲೆ ಆಸ್ಪತ್ರೆಯ ಅರಿವಳಿಕೆ ತಜ್ಞೆ ನಾದೀನ್ ಕ್ಲೋಸೆ ಇವರನ್ನು ತರಬೇತಿಗೆ ಸೇರಿಸಿದರು. ಅಲ್ಲಿ ಕಲಿತದ್ದಕ್ಕಿಂತ ಮರೆತದ್ದೇ ಹೆಚ್ಚು ಎನ್ನುತ್ತಾರೆ ವಿವಿಯಾನ್. "ಹೆದರಬೇಡಿ, ನೋವಾಗಲ್ಲ ಅಂತ ನಾವು ನರ್ಸ್‌ಗಳು ದಿನಾ ಹೇಳ್ತೀವಲ್ಲ, ಮೊದಲು ಅದನ್ನ ಬಿಡಬೇಕು. ನೋವಾಗಲ್ಲ ಅಂದ್ರೆ ಕಿವಿಗೆ ಬೀಳೋದು ನೋವು ಅನ್ನೋ ಮಾತೇ. ಏನು ಇಲ್ಲವೋ ಅದನ್ನ ಹೇಳೋಕೆ ಹೋಗಬಾರದು. ಏನು ಇದೆಯೋ ಅದನ್ನ ಹೇಳಬೇಕು. ಬಿಸಿಲಿದೆ, ಕುರ್ಚಿ ಇದೆ, ಬೆನ್ನಿಗೆ ಆಸರೆ ಇದೆ." ತರಬೇತಿ ಮುಗಿಸಿ ಬಂದ ದಿನ ಯಾರೋ ಇವರ ಬೀರುವಿನಲ್ಲಿ ಒಂದು ಪೊರಕೆ ಇಟ್ಟಿದ್ದರು, ಮಾಟಗಾತಿ ಹತ್ತಿಕೊಂಡು ಹಾರಲಿ ಎಂದು. "ಒಳ್ಳೇ ಗಟ್ಟಿ ಪೊರಕೆ. ಮನೆಗೆ ತಗೊಂಡು ಹೋದೆ. ಈಗಲೂ ಗರಾಜು ಅದರಲ್ಲೇ ಗುಡಿಸ್ತೀನಿ," ಎಂದು ನಗುತ್ತಾರೆ.

ಈಗ ಯಾರೂ ಪೊರಕೆ ಇಡುವುದಿಲ್ಲ. ಹಾಗೆಂದು ಹಾರವನ್ನೂ ಹಾಕಿಲ್ಲ. ಕಿವಿಯ ಬಳಿ ಬಾಗಿ ಕೂತು ಕೂತು ಸೊಂಟ ಹಿಡಿದುಕೊಂಡಿದೆ. ಒಂದು ದಿನಕ್ಕೆ ಎರಡು ಆಪರೇಷನ್ ಮಾಡಿದರೆ ಮೂರನೆಯದಕ್ಕೆ ಧ್ವನಿ ಏಳುವುದಿಲ್ಲ. ರೋಗಿಗಳಲ್ಲಿ ಬಹಳ ಜನಕ್ಕೆ ಇವರ ಮುಖವೂ ನೆನಪಿರುವುದಿಲ್ಲ. ಕಣ್ಣುಬಿಟ್ಟು ಸರ್ಜನ್ ಕೈಕುಲುಕಿ ಹೋಗುತ್ತಾರೆ. ನನಗೆ ಇದು ಅನ್ಯಾಯ ಅನ್ನಿಸಿತು, ಅದನ್ನು ಬಾಯಿಬಿಟ್ಟು ಹೇಳಿದೆ ಕೂಡ. "ಕೊಯ್ದವರು ಅವರು ತಾನೇ?" ಎಂದರು ವಿವಿಯಾನ್. ನನ್ನ ಸಿಟ್ಟು ವ್ಯರ್ಥವಾಯಿತು.

ಇವತ್ತಿನ ರೋಗಿ ಫೆರ್ನಾಂ ಪಿರೋತ್. ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಆಜಾನುಬಾಹು ಮನುಷ್ಯ. ಕುತ್ತಿಗೆಯಲ್ಲಿ ಥೈರಾಯ್ಡ್ ಗಡ್ಡೆ ಬೆಳೆದು ಶ್ವಾಸನಾಳವನ್ನು ಒತ್ತುತ್ತಿದೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಎರಡು ವರ್ಷದಿಂದ ಕುರ್ಚಿಯಲ್ಲಿ ಕೂತೇ ನಿದ್ದೆ. ಗಡ್ಡೆ ತೆಗೆಯಲೇಬೇಕು. ಆದರೆ ಶ್ವಾಸಕೋಶ ಹಾಳಾಗಿದೆ. ಪೂರ್ತಿ ಅರಿವಳಿಕೆ ಕೊಟ್ಟು ಉಸಿರಿನ ಯಂತ್ರಕ್ಕೆ ಹಾಕಿದರೆ, ಆಮೇಲೆ ಯಂತ್ರ ಬಿಡಿಸಲು ಆಗದೇ ಹೋಗಬಹುದು ಎನ್ನುತ್ತಾರೆ ನಾದೀನ್. ಹಾಗಾಗಿ ಉಳಿದಿರುವುದು ವಿವಿಯಾನ್ ಒಬ್ಬರೇ.

ಶ್ವಾಸಕೋಶ ಹಾಳಾದದ್ದು ಕಾರ್ಖಾನೆಯ ಹೊಗೆಯಿಂದಲ್ಲ, ಪಾರಿವಾಳದಿಂದ. ಫೆರ್ನಾಂ ರೇಸಿನ ಪಾರಿವಾಳ ಸಾಕುವವರು; ದೂರದ ಊರಿನಲ್ಲಿ ಎಲ್ಲರ ಹಕ್ಕಿಗಳನ್ನೂ ಒಟ್ಟಿಗೆ ಬಿಡುತ್ತಾರೆ, ಬೇಗ ಮನೆ ಸೇರಿದ ಹಕ್ಕಿ ಗೆದ್ದಂತೆ. ಗೂಡಿನ ಪುಕ್ಕದ ಪುಡಿ, ಹಿಕ್ಕೆಯ ದೂಳು ವರ್ಷಗಟ್ಟಲೆ ಒಳಗೆ ಹೋಗಿ ಎದೆ ಕಟ್ಟಿಬಿಟ್ಟಿದೆ. ಹಕ್ಕಿಗಳನ್ನು ಕೊಟ್ಟುಬಿಡಿ ಎಂದು ಡಾಕ್ಟರರು ಬಡಕೊಂಡಿದ್ದಾರೆ. ಕೊಟ್ಟಿಲ್ಲ. ಹೆಂಡತಿ ಜೊರ್ಜೆತ್ ಮಾತು ಬಿಟ್ಟೂ ನೋಡಿದ್ದಾರೆ. ಕೊಟ್ಟಿಲ್ಲ.

ಹೋದ ವಾರ ವಿವಿಯಾನ್ ಮತ್ತು ಗಂಡಹೆಂಡತಿ ಮೂವರೂ ಆಸ್ಪತ್ರೆಯ ಪುಟ್ಟ ಕೋಣೆಯಲ್ಲಿ ಕಾಫಿ ಹಿಡಿದು ಕೂತಿದ್ದರು. ಈ ಬರಹಕ್ಕಾಗಿ ಅವರ ಒಪ್ಪಿಗೆ ಪಡೆದು ನಾನೂ ಮೂಲೆಯಲ್ಲಿದ್ದೆ. ಎಲ್ಲಿಗೆ ಹೋಗಲು ಇಷ್ಟ ಎಂದು ವಿವಿಯಾನ್ ಕೇಳಿದಾಗ ಫೆರ್ನಾಂ ಒಂದು ಕ್ಷಣವೂ ಯೋಚಿಸಲಿಲ್ಲ.

"ಹಿತ್ತಿಲಿಗೆ, ಮಗಳೇ. ಭಾನುವಾರ. ಅಷ್ಟು ದೂರದ ಬೂರ್ಜ್‌ನಿಂದ ನನ್ನ ನೀಲಿ ಹಕ್ಕಿ ಹಾರಿಬಂದ ದಿನ."

"ಇದಕ್ಕಿಂತ ಚೆನ್ನಾಗಿರೋದು ಏನೂ ಇಲ್ವಾ ನಿನ್ನ ಬಾಳಲ್ಲಿ? ನಮ್ಮ ಮದುವೆ?" ಜೊರ್ಜೆತ್ ಮೊಣಕೈಯಿಂದ ತಿವಿದರು.

"ಮದುವೆ ದಿನ ಮಳೆ ಇತ್ತು."

"ಕೇಳಿಸ್ಕೊಂಡ್ರಾ ಮದಾಮ್ ವಿವಿಯಾನ್? ಈ ಮುದುಕನ ಭಾನುವಾರಕ್ಕೆ ನಾನು ಜೈಲಲ್ಲಿರಬೇಕು. ಅಂಗಳದಲ್ಲಿ ಒಂದು ಬಟ್ಟೆ ಒಣಹಾಕೋ ಹಾಗಿಲ್ಲ, ಹಕ್ಕಿ ಬೆದರುತ್ತೆ ಅಂತ. ಕೆಂಪು ಲಂಗ ಹಾಕ್ಕೊಂಡು ಹೊರಗೆ ಬರೋ ಹಾಗಿಲ್ಲ. ಮೊಮ್ಮಕ್ಕಳು ಕೆಮ್ಮೋ ಹಾಗಿಲ್ಲ."

ವಿವಿಯಾನ್ ಎಲ್ಲವನ್ನೂ ಕೇಳುತ್ತಾ ಹೋದರು. ಕುರ್ಚಿ ಯಾವ ಬಣ್ಣ? ಹಸಿರು. ಗಾಳಿ ಯಾವ ಕಡೆಯಿಂದ? ರೇಡಿಯೋದಲ್ಲಿ ಹಕ್ಕಿ ಬಿಟ್ಟ ಸುದ್ದಿ ಬರುವಾಗ ಎಲ್ಲಿರುತ್ತೀರಿ? ಹಕ್ಕಿ ಬಂದು ಗೂಡಿನೊಳಗೆ ಹೊಕ್ಕರೆ ಏನಾಗುತ್ತದೆ? ಹೊಕ್ಕರೆ ಕಾಲಿನ ಉಂಗುರ ತೆಗೆದು ಗಡಿಯಾರದ ಪೆಟ್ಟಿಗೆಗೆ ಹಾಕಿ ಒತ್ತಬೇಕು, ಆಗಲೇ ಹೊತ್ತು ದಾಖಲಾಗುವುದು. ಒಳಗೆ ಹೋಗದೆ ಮನೆಯ ಮಾಡಿನ ಮೇಲೆ ಕೂತುಬಿಟ್ಟರೆ? "ಕೂತರೆ ಉಸಿರು ಬಿಡೋ ಸದ್ದೂ ಕೇಳಿಸಬಾರದು, ಮಗಳೇ. ರೆಪ್ಪೆ ಹೊಡೆದರೂ ಹಾರಿಹೋಗುತ್ತೆ," ಎಂದರು ಫೆರ್ನಾಂ. ಹೇಳುವಾಗಲೇ ಅವರ ಉಸಿರು ನಿಧಾನವಾದದ್ದು ನನಗೂ ಕಾಣಿಸಿತು.

ಹೊರಡುವಾಗ ಜೊರ್ಜೆತ್ ಗಂಡನನ್ನು ಲಿಫ್ಟಿನ ಬಳಿ ನಿಲ್ಲಿಸಿ ಹಿಂದಕ್ಕೆ ಓಡಿಬಂದರು. ವಿವಿಯಾನ್ ಕೈ ಹಿಡಿದುಕೊಂಡರು.

"ಮದಾಮ್, ಅವನು ಆ ನಿದ್ದೆ ಥರದ್ದರಲ್ಲಿ ಇರ್ತಾನಲ್ಲ, ಆಗ ಕಿವೀಲಿ ಒಂದು ಮಾತು ಹಾಕಿಬಿಡಿ. ಹಕ್ಕಿಗಳನ್ನ ಬಿಟ್ಟುಬಿಡು ಅಂತ. ನಾನು ಹೇಳಿ ಸೋತೆ. ಈ ಗಡ್ಡೆ ತೆಗೆದರೂ ಆ ಗೂಡಿಗೆ ಹೋದರೆ ಇನ್ನೆರಡು ವರ್ಷ ಉಳಿಯಲ್ಲ ಅವನು."

"ಅದು ನನ್ನಿಂದಾಗಲ್ಲ, ಜೊರ್ಜೆತ್."

"ಆಗುತ್ತೆ, ಮಾಡಲ್ಲ ಅನ್ನಿ."

"ಮಾಡಲ್ಲ. ಅವರು ನನ್ನನ್ನ ಹಿತ್ತಿಲಿಗೆ ಕರೆದಿದ್ದಾರೆ. ಮನೆಯೊಳಗೆ ಹೋಗಿ ಬೀರು ತೆಗೆಯೋಕೆ ಕರೆದಿಲ್ಲ."

ಜೊರ್ಜೆತ್ ಕೈ ಬಿಟ್ಟರು. ಕಣ್ಣು ತುಂಬಿತ್ತು. ಆ ಹೊತ್ತಿನಲ್ಲಿ ನಾನು ಜೊರ್ಜೆತ್ ಪರವಾಗಿದ್ದೆ, ಮುಚ್ಚಿಡುವುದೇನು. ಒಂದು ಮಾತು ಹೇಳಿದರೆ ಗಂಟೇನು ಹೋಗುತ್ತಿತ್ತು ಈ ಹೆಂಗಸಿಗೆ ಎಂದುಕೊಂಡೆ.

ಈಗ ಫೆರ್ನಾಂ ಮೇಜಿನ ಮೇಲಿದ್ದಾರೆ. ಬೆನ್ನನ್ನು ಸ್ವಲ್ಪ ಎತ್ತರಿಸಿ ಮಲಗಿಸಿದ್ದಾರೆ. ಸರ್ಜನ್ ಸೆರ್ವೇ ಕೈ ತೊಳೆದು ಸಿದ್ಧ. ನಾದೀನ್ ಯಂತ್ರದ ಪರದೆಯ ಮೇಲೆ ಕಣ್ಣಿಟ್ಟಿದ್ದಾರೆ. ಬೇಕಾದರೆ ತಕ್ಷಣ ಪೂರ್ತಿ ಅರಿವಳಿಕೆ ಕೊಡಲು ಸಿರಿಂಜ್ ತಯಾರಿದೆ. ಬೇಕಾಗದಿರಲಿ ಎಂದು ಎಲ್ಲರೂ ಒಳಗೊಳಗೇ ಹಾರೈಸುತ್ತಿದ್ದಾರೆ. ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೇನೆ. ಫೆರ್ನಾಂ ಅವರ ಬಲಗೈ ಮಾತ್ರ ಹೊದಿಕೆಯ ಹೊರಗಿದೆ. ತೊಂದರೆಯಾದರೆ ತೋರುಬೆರಳು ಎತ್ತಬೇಕು ಎಂಬುದು ಒಪ್ಪಂದ.

ವಿವಿಯಾನ್ ಕಿವಿಯ ಹತ್ತಿರ ಬಾಗುತ್ತಾರೆ. ಬೇಕರಿಯ ಮೂಕಿಗೆ ಇಂಥ ಧ್ವನಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ತಗ್ಗಿದ, ಸ್ವಲ್ಪ ಒಡೆದ, ಅವಸರವೇ ಇಲ್ಲದ ಧ್ವನಿ.

"ಹಸಿರು ಕುರ್ಚಿ. ಬೆನ್ನಿಗೆ ಬಿಸಿಲು. ರೇಡಿಯೋದವರು ಹೇಳಿ ಆಗಿದೆ, ಬೂರ್ಜ್‌ನಲ್ಲಿ ಬೆಳಗ್ಗೆಯೇ ಬುಟ್ಟಿ ತೆರೆದಿದ್ದಾರೆ. ಈಗ ನೀಲಿ ದಾರಿಯಲ್ಲಿದೆ. ನೀವು ಆಕಾಶ ನೋಡ್ತಾ ಇದ್ದೀರಿ. ಕಾಯೋದು ನಿಮಗೆ ಹೊಸದಲ್ಲ. ಒಂದೊಂದು ಉಸಿರಿಗೂ ನೀಲಿ ಒಂದಿಷ್ಟು ಹತ್ತಿರ ಬರುತ್ತೆ..."

ಸೆರ್ವೇ ಚರ್ಮ ಸೀಳುತ್ತಾರೆ. ಫೆರ್ನಾಂ ಮುಖದ ಒಂದು ಗೆರೆಯೂ ಅಲುಗುವುದಿಲ್ಲ. ಪಕ್ಕದ ಥಿಯೇಟರಿನಲ್ಲಿ ಸುತ್ತಿಗೆ ಎರಡು ಸಲ ಬಡಿಯುತ್ತದೆ. ಪಕ್ಕದ ಮನೆಯವರು ಗೂಟ ಹೊಡೆಯುತ್ತಿದ್ದಾರೆ ಎನ್ನುತ್ತಾರೆ ವಿವಿಯಾನ್, ಫೆರ್ನಾಂ ತುಟಿ ಕೊಂಚ ಸೊಟ್ಟಗಾಗುತ್ತದೆ, ಆ ಪಕ್ಕದ ಮನೆಯವನ ಮೇಲೆ ಹಳೇ ಕೋಪವಿರಬೇಕು.

ಗಡ್ಡೆ ಅಂದುಕೊಂಡಿದ್ದಕ್ಕಿಂತ ಕೆಳಗಿಳಿದಿದೆ. ಎದೆಯೆಲುಬಿನ ಹಿಂದಿನಿಂದ ಎಳೆದು ತೆಗೆಯಬೇಕು. ಹೊತ್ತು ಹಿಡಿಯುತ್ತದೆ. ಫೆರ್ನಾಂ ಉಸಿರಾಟ ಸ್ವಲ್ಪ ಜೋರಾಗುತ್ತದೆ. ನಾದೀನ್ ಹುಬ್ಬೇರಿಸುತ್ತಾರೆ. ಇಲ್ಲಿ ವಿವಿಯಾನ್ ಒಂದು ತಪ್ಪು ಮಾಡುತ್ತಾರೆ. ಕಾದು ಕಾದು ಮನುಷ್ಯನಿಗೆ ತಾಳ್ಮೆ ತಪ್ಪುತ್ತಿದೆ, ಸಂತೋಷದ ಗಳಿಗೆಯನ್ನು ಈಗಲೇ ಕೊಟ್ಟರೆ ಸಮಾಧಾನವಾದಾನು ಎಂದುಕೊಳ್ಳುತ್ತಾರೆ. ಬೇರೆಯವರಿಗೆ ಹಾಗೆಯೇ ಆಗುತ್ತದಂತೆ. ಬೆಟ್ಟ ಹತ್ತುವವರು ತುದಿ ತಲುಪಿದರೆ ಕೂತುಬಿಡುತ್ತಾರೆ, ಈಜುವವರು ದಡ ಮುಟ್ಟಿದರೆ ಮಲಗಿಬಿಡುತ್ತಾರೆ.

"ದೂರದಲ್ಲಿ ಒಂದು ಚುಕ್ಕೆ. ಅದು ನೀಲಿಯೇ. ರೆಕ್ಕೆ ಮಡಚಿ ಇಳೀತಾ ಇದೆ. ಗೂಡಿನ ಹಲಗೆ ಮೇಲೆ ಕಾಲಿಟ್ಟಿತು..."

ಫೆರ್ನಾಂ ಬಲಗೈ ಮೇಲೇಳುತ್ತದೆ.

ಬೆರಳಲ್ಲ, ಇಡೀ ಕೈ. ಬೆರಳುಗಳು ದುಂಡಗೆ ಮಡಚಿಕೊಂಡಿವೆ, ಹಕ್ಕಿ ಹಿಡಿಯುವವರು ಹಿಡಿಯುವ ಹಾಗೆ. ಪಾರಿವಾಳದವರಿಗೆ ಹಕ್ಕಿ ಬಂತೆಂದರೆ ಕೆಲಸ ಮುಗಿಯಿತು ಎಂದಲ್ಲ, ಆಗಲೇ ಶುರು. ಉಂಗುರ ತೆಗೆಯಬೇಕು, ಗಡಿಯಾರ ಒತ್ತಬೇಕು, ಒಂದು ಕ್ಷಣ ತಡವಾದರೂ ರೇಸು ಹೋಯಿತು. ಆ ಕೈ ತೆರೆದ ಕುತ್ತಿಗೆಯ ಕಡೆ ಬರುತ್ತಿದೆ. ಸೆರ್ವೇ ಚಾಕುವನ್ನು ಹಿಂದಕ್ಕೆಳೆದು ಇನ್ನೊಂದು ಕೈಯಿಂದ ಗಾಯವನ್ನು ಬಟ್ಟೆಯಲ್ಲಿ ಮುಚ್ಚಿ ಹಾಗೇ ನಿಂತುಬಿಡುತ್ತಾರೆ. ನಾದೀನ್ ಕೈ ಸಿರಿಂಜಿನತ್ತ ಹೋಗುತ್ತದೆ. ಕೈ ಒತ್ತಿ ಹಿಡಿದರೆ ಈ ಮನುಷ್ಯ ಬೆಚ್ಚಿ ಎಚ್ಚರವಾಗುತ್ತಾರೆ. ಸಿರಿಂಜ್ ಕೊಟ್ಟರೆ ಯಂತ್ರ.

ವಿವಿಯಾನ್ ಧ್ವನಿ ಒಂದಿಷ್ಟೂ ಏರುವುದಿಲ್ಲ.

"ಜೊರ್ಜೆತ್ ಬಟ್ಟೆ ಒಣಹಾಕಿದ್ದಾರೆ. ಬಿಳೀ ದುಪ್ಪಟಿ ಗಾಳಿಗೆ ಪಟಪಟ ಅಂತು. ನೀಲಿ ಮೇಲೆದ್ದು ಮಾಡಿನ ಅಂಚಿಗೆ ಹೋಗಿ ಕೂತಿದೆ. ಕೂತು ನಿಮ್ಮನ್ನೇ ನೋಡ್ತಾ ಇದೆ."

ಕೈ ಗಾಳಿಯಲ್ಲೇ ನಿಲ್ಲುತ್ತದೆ.

"ನಿಮಗೆ ಗೊತ್ತು ಏನು ಮಾಡಬೇಕು ಅಂತ. ಕಲ್ಲಿನ ಹಾಗೆ ಕೂತಿದ್ದೀರಿ. ಕೈ ನಿಧಾನಕ್ಕೆ, ಅದಕ್ಕೆ ಗೊತ್ತಾಗದ ಹಾಗೆ, ತೊಡೆ ಮೇಲೆ ಬರ್ತಾ ಇದೆ. ಉಸಿರು ಸದ್ದಿಲ್ಲದೆ ಹೋಗಿಬರ್ತಾ ಇದೆ."

ಕೈ ಇಳಿಯುತ್ತದೆ. ಎಷ್ಟು ನಿಧಾನವೆಂದರೆ ನನಗೆ ಅಳು ಬಂತು. ಫೆರ್ನಾಂ ಪಿರೋತ್ ತನ್ನ ಹಿತ್ತಿಲಿನಲ್ಲಿ, ಮಾಡಿನ ಮೇಲಿನ ಹಕ್ಕಿಯನ್ನು ಬೆದರಿಸದಂತೆ, ಜಗತ್ತಿನ ಯಾವ ಔಷಧಿಯೂ ಕೂರಿಸಲಾರದಷ್ಟು ಅಲುಗಾಡದೆ ಕೂತಿದ್ದರು. ಸೆರ್ವೇ ಬಟ್ಟೆ ಸರಿಸಿ ಕೆಲಸ ಮುಂದುವರಿಸಿದರು. ಕೊನೆಯ ಹೊಲಿಗೆಯ ದಾರ ಕತ್ತರಿಸಿದ ಮೇಲೆಯೇ ವಿವಿಯಾನ್ ಆ ಹಕ್ಕಿಯನ್ನು ಗೂಡಿನೊಳಗೆ ಬಿಟ್ಟರು.

ಕೈ ತೊಳೆಯುವ ಜಾಗದಲ್ಲಿ ವಿವಿಯಾನ್ ತಾವಾಗಿಯೇ ಹೇಳುತ್ತಾರೆ: "ನನ್ನ ತಪ್ಪು ಡಾಕ್ಟರ್. ಹಕ್ಕೀನ ಬೇಗ ಇಳಿಸಿಬಿಟ್ಟೆ."

"ನಾನು ಕೈ ತಡೆದೆ, ನೀನು ಬಾಯಿ ತಡೀಲಿಲ್ಲ. ಇಬ್ಬರೂ ಸರಿಯಾಗೇ ಮಾಡಿದ್ವಿ," ಎನ್ನುತ್ತಾರೆ ಸೆರ್ವೇ. "ಆದರೆ ಇನ್ನು ಮೇಲೆ ಪಾರಿವಾಳದವರು ಬಂದರೆ ನನಗೆ ಮೊದಲೇ ಹೇಳು."

ಮಧ್ಯಾಹ್ನ ವಿವಿಯಾನ್ ಜೊತೆ ವಾರ್ಡಿಗೆ ಹೋದರೆ ಫೆರ್ನಾಂ ಅಂಗಾತ ಮಲಗಿದ್ದಾರೆ. ಎರಡು ವರ್ಷದ ಮೇಲೆ ಮೊದಲ ಸಲ. ಉಸಿರು ಸಲೀಸಾಗಿ ಆಡುತ್ತಿದೆ. ಕತ್ತಿನಲ್ಲಿ ಬಿಳಿ ಪಟ್ಟಿ, ಕಣ್ಣಲ್ಲಿ ಮಾತ್ರ ಕೋಪ. ಜೊರ್ಜೆತ್ ಒಳಗೆ ಬಂದದ್ದೇ ತಡ, ಒಡಕು ದನಿಯಲ್ಲಿ ಶುರುವಾಗುತ್ತದೆ.

"ಯಾರು ಹೇಳಿದ್ದು ನಿನಗೆ ಬಟ್ಟೆ ಒಣಹಾಕು ಅಂತ? ನೀಲಿ ಹಲಗೆ ಮೇಲೆ ಕಾಲಿಟ್ಟಿತ್ತು. ಬುದ್ಧಿ ಇದೆಯಾ ನಿನಗೆ?"

ಜೊರ್ಜೆತ್‌ಗೆ ಏನೂ ಅರ್ಥವಾಗುವುದಿಲ್ಲ. ನಮ್ಮ ಮುಖ ನೋಡುತ್ತಾರೆ, ಗಂಡನ ಮುಖ ನೋಡುತ್ತಾರೆ. ಮದುವೆಯಾದಂದಿನಿಂದ ಒಂದು ಭಾನುವಾರವೂ ಆ ಅಂಗಳದಲ್ಲಿ ಒಂದು ಕರವಸ್ತ್ರವನ್ನೂ ಒಣಹಾಕದ ಹೆಂಗಸು ಮಂಚದ ಅಂಚಿನಲ್ಲಿ ಕೂತು ಗಂಡನ ತಲೆ ಸವರುತ್ತಾರೆ.

"ಆಯ್ತು ಬಿಡು. ತಪ್ಪಾಯ್ತು. ಇನ್ನು ಒಣಹಾಕಲ್ಲ."

ಫೆರ್ನಾಂ ಬೈಯುವುದನ್ನು ನಿಲ್ಲಿಸಿದರು. ತಲೆ ಹೊರಳಿಸಿ ಹೆಂಡತಿಯ ಮುಖ ನೋಡಿದರು.

ಇಷ್ಟಕ್ಕೇ ಬರಹ ಮುಗಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಆದರೆ ಹೊಲಿಗೆ ತೋರಿಸಲು ಬಂದಾಗ ಫೆರ್ನಾಂ ಹಕ್ಕಿಗಳನ್ನೆಲ್ಲ ಕೊಟ್ಟುಬಿಟ್ಟಿದ್ದರು. ನೀಲಿಯ ಮೊಮ್ಮಕ್ಕಳೂ ಸೇರಿ ಎಲ್ಲವೂ ಕ್ಲಬ್ಬಿನ ಗೆಳೆಯರ ಪಾಲಾಗಿದ್ದವು. ಜೊರ್ಜೆತ್ ಓಣಿಯ ತುಂಬ ಒಂದೇ ಮಾತು ಹೇಳಿಕೊಂಡು ಬಂದಿದ್ದಾರೆ: "ಮಾಡಲ್ಲ ಮಾಡಲ್ಲ ಅಂತಾನೇ ಮದಾಮ್ ವಿವಿಯಾನ್ ಮಾಡಿಬಿಟ್ಟರು ನೋಡಿ!" ಈಗ ಬೇಕರಿಯಲ್ಲಿ ಹೆಂಗಸರು ವಿವಿಯಾನ್ ತೋಳು ಹಿಡಿದು ಎಳೆಯುತ್ತಾರೆ. ಒಬ್ಬರ ಗಂಡನ ಸಿಗರೇಟು ಬಿಡಿಸಬೇಕಂತೆ, ಒಬ್ಬರ ಅತ್ತೆಯ ಬಾಯಿ ಮುಚ್ಚಿಸಬೇಕಂತೆ.

ವಿವಿಯಾನ್ ನಗುವುದಿಲ್ಲ. ಈ ಒಂದು ವಿಷಯಕ್ಕೆ ಅವರು ನಿದ್ದೆಗೆಟ್ಟಿದ್ದಾರೆ. ಮಾಡುವುದಿಲ್ಲ ಎಂದು ಜೊರ್ಜೆತ್‌ಗೆ ಹೇಳಿದ್ದನ್ನೇ ಆ ದುಪ್ಪಟಿಯ ಮೂಲಕ ಮಾಡಿಬಿಟ್ಟೆನೇನೋ ಎಂಬ ಅಂಜಿಕೆ. ಹೊಲಿಗೆ ಬಿಚ್ಚಿದ ದಿನ ಫೆರ್ನಾಂ ಎದುರು ಕೂತು ನೇರವಾಗಿ ಹೇಳಿದರು, ನನ್ನ ಮುಂದೆಯೇ.

"ಆ ಬಟ್ಟೆ ಜೊರ್ಜೆತ್ ಒಣಹಾಕಿದ್ದಲ್ಲ. ನಿಮ್ಮ ಕೈ ಎದ್ದಿತ್ತು, ನನಗೆ ಬೇರೆ ದಾರಿ ಕಾಣಲಿಲ್ಲ. ನಾನು ಸೇರಿಸಿದ್ದು. ನಿಮ್ಮ ಹಿತ್ತಿಲಲ್ಲಿ ಅದು ಇರಲಿಲ್ಲ. ಬೇಕಾದ್ರೆ ಇವತ್ತೇ ಇಬ್ಬರೂ ಸೇರಿ ಅದನ್ನ ನಿಮ್ಮ ನೆನಪಿನಿಂದ ತೆಗೆದುಬಿಡೋಣ. ಹಕ್ಕಿಗಳನ್ನ ವಾಪಸ್ ತರೋದಿದ್ರೆ ಅದೂ ನಿಮ್ಮಿಷ್ಟ."

ಫೆರ್ನಾಂ ತಮ್ಮ ದೊಡ್ಡ ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೇಳಿಸಿಕೊಂಡರು.

"ಗೊತ್ತು, ಮಗಳೇ. ವಾರ್ಡಿನಲ್ಲೇ ಗೊತ್ತಾಯ್ತು. ಅವಳು ಯಾವತ್ತೂ ಒಣಹಾಕಿಲ್ಲ. ನಾನು ಬೈದೆ, ಮಾಡದ ತಪ್ಪನ್ನ ಅವಳು ಒಪ್ಪಿಕೊಂಡಳು. ಎಷ್ಟು ಸಲೀಸಾಗಿ ಒಪ್ಪಿಕೊಂಡಳು ನೋಡಿದೆಯಲ್ಲ? ಅಭ್ಯಾಸ ಇದ್ದೋರಿಗೆ ಮಾತ್ರ ಅಷ್ಟು ಸಲೀಸು. ಆ ಅಭ್ಯಾಸ ಹಚ್ಚಿದ್ದು ನಾನು, ನನ್ನ ಹಕ್ಕಿಗಳು. ಬಟ್ಟೆ ನೀನು ಹಾಕಿದ್ದಿರಬಹುದು. ಅವಳ ಆ ಉತ್ತರ ನೀನು ಹೇಳಿಕೊಟ್ಟಿದ್ದಲ್ಲ ತಾನೇ?"

"ಅಲ್ಲ."

"ಹಾಗಾದರೆ ಸುಮ್ಮನಿರು."

ಎದ್ದು ಕೋಟು ಹಾಕಿಕೊಂಡು ಹೊರಟರು. ಮೆಟ್ಟಿಲು ಇಳಿಯುವಾಗ ಎಲ್ಲೂ ನಿಲ್ಲಲಿಲ್ಲ.

ಈ ಬರಹದ ಬಗ್ಗೆ ನಿಮ್ಮದೇನಾದರೂ ಆಸೆ ಇದೆಯೇ ಎಂದು ವಿವಿಯಾನ್ ಅವರನ್ನು ಕೇಳಿದೆ. ಫೋಟೋ ಬೇಡ ಎಂದರು. ಹೊಗಳಿಕೆ ಕಡಿಮೆ ಇರಲಿ ಎಂದರು. ಗಂಟಲಿಗೆ ಬಿಸಿನೀರು ಕುಡಿದು, ಸ್ವಲ್ಪ ಯೋಚಿಸಿ, ಒಂದೊಂದೇ ಮಾತು ಆರಿಸಿ ಹೇಳಿದರು.

"ಒಂದು ಮಾತ್ರ ಸರಿಯಾಗಿ ಬರೀರಿ. ಬಟ್ಟೆ ನಾನು ಹಾಕಿದ್ದು. ಉತ್ತರ ಜೊರ್ಜೆತ್ ಕೊಟ್ಟಿದ್ದು. ಹಕ್ಕಿಗಳನ್ನ ಬಿಟ್ಟಿದ್ದು ಫೆರ್ನಾಂ. ನಾನು ಆ ಮನುಷ್ಯನಿಂದ ನೋವು ತಗೊಂಡೆ. ಅದನ್ನ ಬಿಟ್ಟು ಇನ್ನೇನೂ ತಗೊಂಡಿಲ್ಲ."